ಸ್ಕಾಟ್ಲೆಂಡಿನ ಉತ್ತರದ ದಾರಿಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಮಗ ಮ್ಯಾಂಚೆಸ್ಟರಿನಲ್ಲಿ ನೆಲೆಸಿದ್ದಾನೆ. ಬರುವ ಮೇ ತಿಂಗಳ ಕೊನೆಗೆ ನಾನು ಮತ್ತು ನನ್ನ ಪತ್ನಿ ಅಲ್ಲಿಗೆ ಹೋಗಲಿದ್ದೇವೆ. ಮಗ, ಸೊಸೆ, ನಾಲ್ಕು ವರ್ಷದ ಮೊಮ್ಮಗಳೊಡನೆ ಅವನ ಕಾರಿನಲ್ಲಿ ಹತ್ತು ದಿನ ಸ್ಕಾಟ್ಲೆಂಡಿನ ಉತ್ತರ ಭಾಗವನ್ನು ಸುತ್ತಬೇಕೆಂಬ ಆಸೆಯಿದೆ. ಲಾಖ್ ನೆಸ್ ಸರೋವರ, ಸ್ಕೈ ದ್ವೀಪ, ‘ನಾರ್ತ್ ಕೋಸ್ಟ್ 500’ ಎಂಬ ಕರಾವಳಿ ಮಾರ್ಗ ಮತ್ತು ಆರ್ಕ್ನಿ ದ್ವೀಪಗಳು ನಮ್ಮ ಪಟ್ಟಿಯಲ್ಲಿವೆ. ಪತ್ನಿ ಇತಿಹಾಸದ ಅಧ್ಯಾಪಕಿಯಾಗಿದ್ದು ನಿವೃತ್ತರಾದವರು. ನನಗೆ ಮಂಡಿನೋವಿದೆ. ನಾವೆಲ್ಲ ಸಸ್ಯಾಹಾರಿಗಳು. ಇಷ್ಟನ್ನೂ ನೋಡಲು ಹತ್ತು ದಿನ ಸಾಕೇ, ಯಾವ ಕ್ರಮದಲ್ಲಿ ಹೋಗಬೇಕು ಎಂಬುದನ್ನು ತಿಳಿಸಬೇಕಾಗಿ ವಿನಂತಿ.
— ಓದುಗರು, ಧಾರವಾಡ

ಉತ್ತರ: ನಿಮ್ಮ ಪಟ್ಟಿಯಲ್ಲಿರುವ ನಾಲ್ಕೂ ಜಾಗಗಳನ್ನು ಹತ್ತು ದಿನಗಳಲ್ಲಿ ಮುಟ್ಟಿ ಬರಬಹುದು, ಆದರೆ ಹಾಗೆ ಹೋದರೆ ಹಗಲೆಲ್ಲ ಕಾರಿನೊಳಗೇ ಕಳೆಯುತ್ತದೆ. ಆದ್ದರಿಂದ ಸ್ಕೈ ದ್ವೀಪವನ್ನು ಈ ಸಲ ಕೈಬಿಡಿ ಎಂದು ಮೊದಲಿಗೇ ಹೇಳುತ್ತೇನೆ. ಜೊತೆಗೆ, ಮಗನ ರಜೆಗೆ ಅವಕಾಶವಿದ್ದರೆ ಹತ್ತು ದಿನಗಳನ್ನು ಹನ್ನೆರಡು ಮಾಡಿಕೊಳ್ಳಿ. ರಜೆ ಹತ್ತೇ ದಿನವೆಂದಾದರೆ ಆರ್ಕ್ನಿಯನ್ನೂ ಬಿಡಬೇಕಾಗುತ್ತದೆ.

ನಾರ್ತ್ ಕೋಸ್ಟ್ 500 ಎಂಬುದು ಇನ್ವರ್‌ನೆಸ್ ಕೋಟೆಯಿಂದ ಹೊರಟು, ಪಶ್ಚಿಮ, ಉತ್ತರ ಮತ್ತು ಪೂರ್ವ ಕರಾವಳಿಗಳನ್ನು ಬಳಸಿ ಅಲ್ಲಿಗೇ ಮರಳುವ ಮಾರ್ಗ. ಅದರ ಉದ್ದ 516 ಮೈಲಿ, ಅಂದರೆ ಸುಮಾರು 830 ಕಿಲೋಮೀಟರ್. ರಸ್ತೆಗಳೆಲ್ಲ ಹಳೆಯವೇ; 2015ರಲ್ಲಿ ಅವುಗಳನ್ನು ಒಂದು ಹೆಸರಿನಡಿ ಜೋಡಿಸಿ ಪ್ರಚಾರಕ್ಕೆ ತಂದರು. ಆ ಅಂಕಿಯನ್ನು ಕಂಡವರು ನಮ್ಮ ಹೆದ್ದಾರಿಗಳ ಲೆಕ್ಕದಲ್ಲಿ ಮೂರು ದಿನದ ಕೆಲಸವೆಂದು ಭಾವಿಸುವುದುಂಟು. ಆದರೆ ಪಶ್ಚಿಮ ಮತ್ತು ಉತ್ತರ ತೀರಗಳ ಬಹುಭಾಗ ಒಂದೇ ವಾಹನ ಹಿಡಿಸುವಷ್ಟು ಅಗಲದ ದಾರಿ. ತಿರುವುಗಳು, ರಸ್ತೆಯ ಮೇಲೆಯೇ ಮಲಗುವ ಕುರಿಗಳು, ಎದುರು ಬರುವ ವಾಹನಗಳಿಗಾಗಿ ನಿಲ್ಲುವ ಹೊತ್ತು ಎಲ್ಲವನ್ನೂ ಸೇರಿಸಿದರೆ ಗಂಟೆಗೆ ನಲವತ್ತೈದು ಕಿಲೋಮೀಟರಿಗಿಂತ ಹೆಚ್ಚಿನ ಸರಾಸರಿಯನ್ನು ಲೆಕ್ಕ ಹಿಡಿಯಬಾರದು. ನಾಲ್ಕು ವರ್ಷದ ಮಗು ಜೊತೆಗಿರುವಾಗ ದಿನಕ್ಕೆ ಮೂರು ಗಂಟೆಯ ಪ್ರಯಾಣವೇ ಹೆಚ್ಚು.

ಸ್ಕೈ ಬಿಟ್ಟು ಆರ್ಕ್ನಿಯನ್ನು ಉಳಿಸಿಕೊಳ್ಳಿ ಎನ್ನುವುದಕ್ಕೆ ನಿಮ್ಮ ಪತ್ನಿಯವರ ಅಧ್ಯಯನವೇ ಕಾರಣ. ಸ್ಕೈ ದ್ವೀಪದ ಬೆಟ್ಟಸಾಲುಗಳ ಚೆಲುವನ್ನು ಅಲ್ಲಗಳೆಯುವಂತಿಲ್ಲ. ಆದರೆ ಜೂನ್ ವೇಳೆಗೆ ಅಲ್ಲಿ ಜನಸಂದಣಿ ವಿಪರೀತವಾಗಿರುತ್ತದೆ, ಕೋಣೆಗಳು ತಿಂಗಳುಗಳ ಮೊದಲೇ ತುಂಬಿರುತ್ತವೆ, ಮತ್ತು ಅಲ್ಲಿನ ಹೆಸರಾಂತ ತಾಣಗಳಾದ ಓಲ್ಡ್ ಮ್ಯಾನ್ ಆಫ್ ಸ್ಟಾರ್, ಫೇರಿ ಪೂಲ್ಸ್ ಮೊದಲಾದವನ್ನು ಹತ್ತಿರದಿಂದ ನೋಡಲು ಏರುತಗ್ಗಿನಲ್ಲಿ ನಡೆಯಲೇಬೇಕು. ಆರ್ಕ್ನಿ ಹೆಚ್ಚುಕಡಿಮೆ ಸಮತಟ್ಟಾದ ನೆಲ. ಅಲ್ಲಿ ಮಂಡಿನೋವಿನವರೂ ಐದು ಸಾವಿರ ವರ್ಷಗಳ ಹಿಂದಿನ ಮನೆಗಳ ಅಂಚಿನವರೆಗೆ ಹೋಗಿ ನಿಲ್ಲಬಹುದು.

ಮ್ಯಾಂಚೆಸ್ಟರಿನಿಂದ ಇನ್ವರ್‌ನೆಸ್ ಸುಮಾರು 600 ಕಿಲೋಮೀಟರ್ ದೂರದಲ್ಲಿದೆ. ಅದನ್ನು ಒಂದೇ ದಿನದಲ್ಲಿ ಮುಗಿಸದೆ ಪಿಟ್‌ಲಾಖ್ರಿಯಲ್ಲಿ ರಾತ್ರಿ ತಂಗಿ. ಮರುದಿನ ಮಧ್ಯಾಹ್ನದ ಹೊತ್ತಿಗೆ ಇನ್ವರ್‌ನೆಸ್ ಸೇರಿದರೆ ಸಂಜೆಯನ್ನು ಕಲೋಡನ್ ಬಯಲಿಗೆ ಮೀಸಲಿಡಬಹುದು. 1746ರ ಏಪ್ರಿಲ್ 16ರಂದು ಪದಚ್ಯುತ ಸ್ಟುವರ್ಟ್ ರಾಜವಂಶಕ್ಕೆ ಬ್ರಿಟನ್ನಿನ ಸಿಂಹಾಸನವನ್ನು ಮರಳಿ ಗಳಿಸಲು ಹೊರಟಿದ್ದ ಚಾರ್ಲ್ಸ್ ಎಡ್ವರ್ಡ್ ಸ್ಟುವರ್ಟನ ಪಕ್ಷದ ಜಾಕೊಬೈಟ್ ಸೇನೆ ಇಲ್ಲಿ ಒಂದು ಗಂಟೆಯೊಳಗೆ ನೆಲಕಚ್ಚಿತು. ಆ ಸೋಲಿನ ನಂತರ ಸರ್ಕಾರವು ಹೈಲ್ಯಾಂಡ್ಸ್ ಎಂಬ ಉತ್ತರದ ಬೆಟ್ಟನಾಡಿನ ಕುಲಗಳ ನಾಯಕರಿಗಿದ್ದ ಅಧಿಕಾರವನ್ನು ಮುರಿಯಿತು, ಅವರ ಉಡುಪಿನ ಮೇಲೂ ನಿಷೇಧ ಹೇರಿತು. ಉತ್ತರದಲ್ಲಿ ನೀವು ಮುಂದೆ ನೋಡುವ ಬಹಳಷ್ಟು ಸಂಗತಿಗಳು ಅರ್ಥವಾಗಬೇಕಾದರೆ ಪ್ರವಾಸವನ್ನು ಕಲೋಡನ್‌ನಿಂದಲೇ ಆರಂಭಿಸುವುದು ಸೂಕ್ತ. ಲಾಖ್ ನೆಸ್ ಸರೋವರಕ್ಕೆ ಮರುದಿನದ ಬೆಳಗು ಸಾಕು. ಸುಮಾರು 37 ಕಿಲೋಮೀಟರ್ ಉದ್ದ, 230 ಮೀಟರ್ ಆಳದ ಈ ಸರೋವರದಲ್ಲಿರುವ ನೀರು ಇಂಗ್ಲೆಂಡ್ ಮತ್ತು ವೇಲ್ಸ್‌ಗಳ ಎಲ್ಲ ಸರೋವರಗಳ ನೀರಿಗಿಂತ ಹೆಚ್ಚು. ಭೂಮಿ ಬಿರಿದ ರೇಖೆಯೊಂದರ ಉದ್ದಕ್ಕೆ ಹಿಮನದಿಗಳು ಕೊರೆದದ್ದರಿಂದ ಅದಕ್ಕೆ ಆ ಆಳ ಒದಗಿದೆ. ಅರ್ಕರ್ಟ್ ಕೋಟೆಯ ಅವಶೇಷಗಳ ಬಳಿ ನಿಂತು ನೋಡಿ, ಮೊಮ್ಮಗಳಿಗೆ ನೀರಿನೊಳಗಿನ ಪ್ರಾಣಿಯ ಕತೆಯನ್ನೂ ಹೇಳಿ, ಅಲ್ಲಿಂದ ಪಶ್ಚಿಮಕ್ಕೆ ಹೊರಡಿ.

ಮೊದಲು ಪಶ್ಚಿಮಕ್ಕೆ ಹೋಗಿ ಕೊನೆಯಲ್ಲಿ ಪೂರ್ವ ತೀರದಿಂದ ಮರಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಕಷ್ಟದ ರಸ್ತೆಗಳು ಪಶ್ಚಿಮದಲ್ಲಿವೆ. ಚಾಲಕನಿಗೆ ದಣಿವಿಲ್ಲದಾಗ ಅವನ್ನು ದಾಟಿಬಿಡಬೇಕು. ಪೂರ್ವ ತೀರದ ಎ9 ರಸ್ತೆ ಅಗಲವಾಗಿದ್ದು, ದಣಿದ ಕುಟುಂಬವನ್ನು ಸಲೀಸಾಗಿ ಊರಿಗೆ ತಲುಪಿಸುತ್ತದೆ. ಈ ಮಾರ್ಗದ ಅತಿ ಪ್ರಸಿದ್ಧ ಭಾಗವಾದ ಆಪಲ್‌ಕ್ರಾಸ್ ಕಣಿವೆಯ ದಾರಿ ಸಮುದ್ರಮಟ್ಟದಿಂದ 626 ಮೀಟರಿಗೆ ಕಿರಿದಾದ ಹಿಮ್ಮುರಿ ತಿರುವುಗಳಲ್ಲಿ ಏರುತ್ತದೆ. ಹಿಮ್ಮುಖವಾಗಿ ವಾಹನ ನಡೆಸುವುದರಲ್ಲಿ ಪಳಗಿದವರಿಗೇ ಅದು ಕಠಿಣ. ಐವರು ಕುಳಿತ ಕಾರಿನಲ್ಲಿ ಆ ಸಾಹಸ ಬೇಡ. ಹೋಗಲೇಬೇಕೆನಿಸಿದರೆ ಶೀಲ್ಡೇಗ್ ಊರಿನ ಕಡೆಯಿಂದ ಕಡಲ ಅಂಚಿನಲ್ಲಿ ಸಾಗುವ ಬಳಸುದಾರಿ ಇದೆ. ಅದು ಉದ್ದವಾದರೂ ಸೌಮ್ಯವಾದುದು.

ಇನ್ವರ್‌ನೆಸ್‌ನಿಂದ ತೊಂಬತ್ತು ಕಿಲೋಮೀಟರ್ ದೂರದ ಉಲ್ಲಾಪೂಲ್‌ನಲ್ಲಿ ಮೂರು ರಾತ್ರಿ ತಂಗಿ. ಹೆರಿಂಗ್ ಮೀನುಗಾರಿಕೆಗಾಗಿ 1788ರಲ್ಲಿ ಯೋಜಿಸಿ ಕಟ್ಟಿದ ಈ ಪುಟ್ಟ ಬಂದರಿನಲ್ಲಿ ದಿನಸಿ ಅಂಗಡಿ, ಔಷಧದಂಗಡಿ, ಊಟದ ಮನೆಗಳೆಲ್ಲ ಇವೆ. ಇಲ್ಲಿಂದ ಮುಂದಕ್ಕೆ ಇಷ್ಟು ಅನುಕೂಲಗಳು ಥರ್ಸೊ ಪಟ್ಟಣದವರೆಗೆ ಒಂದೆಡೆ ಸಿಗುವುದಿಲ್ಲ. ಒಂದು ದಿನ ದಕ್ಷಿಣಕ್ಕೆ ಇಳಿದು ಇನ್ವರ್ಯೂ ಉದ್ಯಾನವನ್ನು ನೋಡಿ. ಆಸ್‌ಗುಡ್ ಮೆಕೆಂಜಿ ಎಂಬವನು 1862ರಲ್ಲಿ ಬರಡು ಬಂಡೆನೆಲದ ಮೇಲೆ ಗಾಳಿ ತಡೆಯುವ ಮರಗಳನ್ನು ಮೊದಲು ಬೆಳೆಸಿ, ಅವುಗಳ ಆಶ್ರಯದಲ್ಲಿ ದೂರದೇಶಗಳ ಗಿಡಗಳನ್ನು ನೆಟ್ಟ ತೋಟವಿದು. ಅಟ್ಲಾಂಟಿಕ್ ಸಾಗರದ ಬೆಚ್ಚನೆಯ ಪ್ರವಾಹ ಈ ತೀರವನ್ನು ತಾಕುವುದರಿಂದ ಇಷ್ಟು ಉತ್ತರದಲ್ಲಿಯೂ ಅವು ಬದುಕಿವೆ. ಮೇ ಕೊನೆಯಲ್ಲಿ ಅಲ್ಲಿ ರೊಡೊಡೆಂಡ್ರಾನ್‌ಗಳು ಹೂಬಿಟ್ಟಿರುತ್ತವೆ.

ಇನ್ನೊಂದು ದಿನವನ್ನು ಉತ್ತರದ ಆಸಿಂಟ್ ಪ್ರದೇಶಕ್ಕೆ ಕೊಡಿ. ಈ ಇಡೀ ಪ್ರವಾಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಭೂಭಾಗವಿದು. ನೀರು ಮತ್ತು ಬಂಡೆಗಳೇ ತುಂಬಿರುವ ವಿಶಾಲವಾದ ತಗ್ಗುನೆಲದ ಮೇಲೆ ಸುಯಿಲ್ವೆನ್, ಸ್ಟ್ಯಾಕ್ ಪಾಲಿ ಮುಂತಾದ ಬೆಟ್ಟಗಳು ಒಂದಕ್ಕೊಂದು ಸಂಬಂಧವಿಲ್ಲದಂತೆ ಒಂಟೊಂಟಿಯಾಗಿ ಎದ್ದು ನಿಂತಿವೆ. ತಳದ ಬೂದುಬಣ್ಣದ ನೈಸ್ ಶಿಲೆಗೆ ಸುಮಾರು 300 ಕೋಟಿ ವರ್ಷಗಳ ವಯಸ್ಸು. ಬೆಂಗಳೂರಿನ ಲಾಲ್‌ಬಾಗ್ ಬಂಡೆಯೂ ಹೆಚ್ಚುಕಡಿಮೆ ಅದೇ ಕಾಲದ ನೈಸ್ ಶಿಲೆಯೇ. ಅದರ ಮೇಲೆ ಸುಮಾರು ನೂರು ಕೋಟಿ ವರ್ಷಗಳ ಹಿಂದೆ ನದಿಗಳು ಹರಡಿದ ಕೆಂಪು ಮರಳುಗಲ್ಲಿನ ದಪ್ಪ ಪದರವಿತ್ತು. ಅದು ಸವೆದು ಉಳಿದ ತುಣುಕುಗಳೇ ಈ ಬೆಟ್ಟಗಳು. ಉಲ್ಲಾಪೂಲ್‌ನಿಂದ ಅರ್ಧ ಗಂಟೆಯ ದೂರದ ನಾಕನ್ ಕ್ರ್ಯಾಗ್ ಎಂಬಲ್ಲಿ ಹಳೆಯ ಶಿಲೆ ತನಗಿಂತ ಕಿರಿಯ ಶಿಲೆಯ ಮೇಲೆ ಕುಳಿತಿರುವುದನ್ನು ಕಣ್ಣಾರೆ ನೋಡಬಹುದು. ಹತ್ತೊಂಬತ್ತನೆಯ ಶತಮಾನದಲ್ಲಿ ವಿದ್ವಾಂಸರ ದೀರ್ಘ ವಿವಾದಕ್ಕೆ ಕಾರಣವಾದ ಈ ಒಗಟನ್ನು ಬೆನ್ ಪೀಚ್ ಮತ್ತು ಜಾನ್ ಹಾರ್ನ್ ಎಂಬ ಭೂವಿಜ್ಞಾನಿಗಳು ವರ್ಷಗಟ್ಟಲೆ ಬೆಟ್ಟಗಳಲ್ಲಿ ಅಲೆದು ಬಿಡಿಸಿದರು: ಭೂಖಂಡಗಳು ಡಿಕ್ಕಿ ಹೊಡೆದಾಗ ಕೆಳಗಿನ ಪದರ ಮೇಲಕ್ಕೆ ತಳ್ಳಲ್ಪಟ್ಟು ಬಹುದೂರ ಸರಿದಿತ್ತು. ಮಾಹಿತಿ ಮಂಟಪವು ವಾಹನ ನಿಲ್ಲಿಸುವ ಜಾಗಕ್ಕೆ ಹತ್ತಿರವಿರುವುದರಿಂದ ನೀವು ಅಲ್ಲಿಯೇ ಕುಳಿತು ಸರೋವರಗಳನ್ನು ನೋಡುತ್ತಿರಬಹುದು, ಉಳಿದವರು ಮೇಲಕ್ಕೆ ಹತ್ತಬಹುದು. ಮೂರನೆಯ ದಿನಕ್ಕೆ ಏನನ್ನೂ ಗೊತ್ತುಮಾಡಬೇಡಿ. ಮಳೆ ಬಂದು ಒಂದು ದಿನ ಕೆಟ್ಟರೆ ಅದು ಕೈಹಿಡಿಯುತ್ತದೆ.

ಮುಂದಿನ ಎರಡು ರಾತ್ರಿ ಡರ್ನೆಸ್‌ನಲ್ಲಿ. ಅಲ್ಲಿನ ಸ್ಮೂ ಗುಹೆಗೆ ಮೆಟ್ಟಿಲುಗಳನ್ನು ಇಳಿದು ಹೋಗಬೇಕು. ಬಾಲ್ನಕೀಲ್‌ನ ಬಿಳಿ ಮರಳಿನ ತೀರ ಮಾತ್ರ ರಸ್ತೆಯ ಪಕ್ಕದಲ್ಲೇ ಇದೆ, ಮಗುವಿಗೆ ಅದು ಸಾಕು. ಡರ್ನೆಸ್‌ನಿಂದ ಪೂರ್ವಕ್ಕೆ ಸಾಗುವಾಗ ಬೆಟ್ಟಿಹಿಲ್ ಎಂಬಲ್ಲಿ ಹಳೆಯ ಚರ್ಚ್ ಕಟ್ಟಡದಲ್ಲಿರುವ ಸ್ಟ್ರಾತ್‌ನೇವರ್ ವಸ್ತುಸಂಗ್ರಹಾಲಯದಲ್ಲಿ ತಪ್ಪದೆ ಇಳಿಯಿರಿ. ಉತ್ತರ ಸ್ಕಾಟ್ಲೆಂಡಿನ ನಿರ್ಜನತೆಯನ್ನು ಹೊಗಳುವ ಪ್ರವಾಸ ಬರಹಗಳು ಅದು ಪ್ರಕೃತಿಯ ಕೊಡುಗೆ ಎಂಬಂತೆ ಬರೆಯುವುದನ್ನು ಓದಿದಾಗಲೆಲ್ಲ ನನಗೆ ನೋವಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಸದರ್ಲೆಂಡ್ ಜಮೀನ್ದಾರಿಯವರು ಕುರಿಸಾಕಣೆಯ ಲಾಭಕ್ಕಾಗಿ ಈ ಕಣಿವೆಗಳ ರೈತಕುಟುಂಬಗಳನ್ನು ಎಬ್ಬಿಸಿ ಕಡಲಂಚಿಗೆ ಅಟ್ಟಿದರು; ಅನೇಕರು ಹಡಗು ಹತ್ತಿ ಕೆನಡಾ ಸೇರಿದರು. ಜಮೀನ್ದಾರಿಯ ಕಾರಭಾರಿ ಪ್ಯಾಟ್ರಿಕ್ ಸೆಲ್ಲರ್‌ನ ಮೇಲೆ, ಮನೆಗಳಿಗೆ ಬೆಂಕಿಯಿಟ್ಟು ಸಾವಿಗೆ ಕಾರಣನಾದನೆಂಬ ಆರೋಪ ಬಂದು 1816ರಲ್ಲಿ ವಿಚಾರಣೆ ನಡೆಯಿತು. ಅವನು ನಿರ್ದೋಷಿಯೆಂದು ಬಿಡುಗಡೆಯಾದ. ದಾರಿಯುದ್ದಕ್ಕೂ ಹುಲ್ಲಿನ ನಡುವೆ ಕಾಣುವ ಮೊಣಕಾಲೆತ್ತರದ ಕಲ್ಲುಗೋಡೆಗಳಲ್ಲಿ ಎಷ್ಟೋ ಆ ಜನರ ಮನೆಗಳವು.

ಅಲ್ಲಿಂದ ಸ್ಕ್ರಾಬ್‌ಸ್ಟರ್ ಬಂದರಿಗೆ ಹೋಗಿ ಕಾರಿನ ಸಮೇತ ಹಡಗು ಹತ್ತಿದರೆ ಒಂದೂವರೆ ಗಂಟೆಯಲ್ಲಿ ಆರ್ಕ್ನಿಯ ಸ್ಟ್ರಾಮ್‌ನೆಸ್ ತಲುಪುತ್ತೀರಿ. ಕಾರಿನ ಜಾಗವನ್ನು ಮುಂಗಡವಾಗಿ ಕಾದಿರಿಸಬೇಕು. ಹೊಯ್ ದ್ವೀಪದ ಕಡಲಬಂಡೆಗಳ ಮುಂದೆ 137 ಮೀಟರ್ ಎತ್ತರಕ್ಕೆ ಒಂಟಿಯಾಗಿ ನಿಂತ ಕಲ್ಲಿನ ಕಂಬವನ್ನು ಹಡಗಿನ ಮೇಲಿಂದ ನೋಡಬಹುದು. ಈ ಜಲಸಂಧಿಯ ಸೆಳೆತ ಬಲವಾದುದು, ಆದ್ದರಿಂದ ವಾಂತಿಯ ಮಾತ್ರೆ ಕೈಯಲ್ಲಿರಲಿ. 1999ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಇಲ್ಲಿನ ತಾಣಗಳಲ್ಲಿ ಸ್ಕಾರ ಬ್ರೇ ಮೊದಲನೆಯದು. 1850ರ ಬಿರುಗಾಳಿಯೊಂದು ಮರಳದಿಬ್ಬವನ್ನು ಕಿತ್ತೊಗೆದಾಗ ಹೊರಬಂದ ಈ ಹಳ್ಳಿ ಗೀಜಾದ ಪಿರಮಿಡ್ಡುಗಳಿಗಿಂತ ಹಳೆಯದು. ಮರ ದುರ್ಲಭವಾದ ನಾಡಿನಲ್ಲಿ ಅವರು ಮಂಚ, ಕಪಾಟುಗಳನ್ನೂ ಕಲ್ಲಿನಲ್ಲೇ ಮಾಡಿಕೊಂಡಿದ್ದರಿಂದ ಮನೆಯೊಳಗಿನ ಏರ್ಪಾಡು ಇಂದಿಗೂ ಹಾಗೆಯೇ ಉಳಿದಿದೆ. ಮೇಸ್‌ಹೌ ಎಂಬ ಸಮಾಧಿಯ ಒಳಮಾರ್ಗ, ಚಳಿಗಾಲದ ಅತಿ ಕಿರಿದಾದ ಹಗಲಿನ ಆಸುಪಾಸಿನಲ್ಲಿ ಮುಳುಗುವ ಸೂರ್ಯನ ಬೆಳಕು ಒಳಗೋಡೆಯನ್ನು ಮುಟ್ಟುವಂತೆ ಕಟ್ಟಲ್ಪಟ್ಟಿದೆ. ಹನ್ನೆರಡನೆಯ ಶತಮಾನದಲ್ಲಿ ಒಳನುಗ್ಗಿದ ನಾರ್ಸ್ ಜನ ಗೋಡೆಗಳ ಮೇಲೆ ತಮ್ಮ ರೂನ್ ಲಿಪಿಯಲ್ಲಿ ಕೊರೆದ ಬರಹಗಳೂ ಅಲ್ಲಿವೆ. ಆದರೆ ಆ ಮಾರ್ಗದಲ್ಲಿ ಸೊಂಟ ಬಗ್ಗಿಸಿಯೇ ಹೋಗಬೇಕಾದ್ದರಿಂದ ಅದನ್ನು ನಿಮ್ಮ ಪತ್ನಿಯವರಿಗೆ ಬಿಟ್ಟು, ನೀವು ಬ್ರಾಡ್ಗರ್ ಶಿಲಾವೃತ್ತದ ಬಳಿ ಕಾಯುವುದು ಮೇಲು. ಮರಳುವಾಗ ಸೇಂಟ್ ಮಾರ್ಗರೆಟ್ಸ್ ಹೋಪ್‌ನಿಂದ ಗಿಲ್ಸ್ ಬೇಗೆ ಹೋಗುವ ಹಡಗನ್ನು ಹಿಡಿದರೆ, ಎರಡನೆಯ ಮಹಾಯುದ್ಧದಲ್ಲಿ ಇಟಲಿಯ ಯುದ್ಧಕೈದಿಗಳು ಎರಡು ತಗಡಿನ ಶೆಡ್‌ಗಳನ್ನು ಜೋಡಿಸಿ ಚಿತ್ರಿಸಿದ ಪ್ರಾರ್ಥನಾಮಂದಿರ ದಾರಿಯಲ್ಲೇ ಸಿಗುತ್ತದೆ.

ಗಿಲ್ಸ್ ಬೇ ಬಳಿಯ ಜಾನ್ ಓ ಗ್ರೋಟ್ಸ್‌ನಲ್ಲಿ ಎಲ್ಲರೂ ಕೈಕಂಬದ ಮುಂದೆ ಚಿತ್ರ ತೆಗೆಸಿಕೊಂಡು ಹೊರಟುಬಿಡುತ್ತಾರೆ. ನೀವು ಅಲ್ಲಿ ನಿಲ್ಲದೆ ಡಂಕನ್ಸ್‌ಬಿ ಹೆಡ್‌ನ ದೀಪಸ್ತಂಭದವರೆಗೆ ಹೋಗಿ. ಕಡಲಹಕ್ಕಿಗಳು ಗೂಡುಕಟ್ಟಿದ ಬಂಡೆಗಳು ಆ ದಿನಗಳಲ್ಲಿ ತುಂಬಿರುತ್ತವೆ. ಬ್ರಿಟನ್ನಿನ ಮುಖ್ಯನೆಲದ ಉತ್ತರ ತುದಿ ಜಾನ್ ಓ ಗ್ರೋಟ್ಸ್ ಎಂದು ಹಲವರು ತಿಳಿದಿದ್ದರೂ ಅದು ನಿಜವಾಗಿ ಪಶ್ಚಿಮಕ್ಕಿರುವ ಡನೆಟ್ ಹೆಡ್. ದಕ್ಷಿಣಕ್ಕೆ ಬರುತ್ತಾ ಆರ್ಡ್‌ಗೇ ಎಂಬಲ್ಲಿ ಹೆದ್ದಾರಿ ಬಿಟ್ಟು ಹದಿನಾರು ಕಿಲೋಮೀಟರ್ ಒಳಗಿರುವ ಕ್ರೊಯಿಕ್ ಚರ್ಚಿಗೆ ಹೋಗಿಬನ್ನಿ. 1845ರಲ್ಲಿ ಗ್ಲೆನ್‌ಕಾಲ್ವಿ ಕಣಿವೆಯಿಂದ ಹೊರದೂಡಲ್ಪಟ್ಟ ಜನರು ಈ ಚರ್ಚಿನ ಅಂಗಳದಲ್ಲಿ ಆಶ್ರಯ ಪಡೆದಿದ್ದಾಗ ಕಿಟಕಿಯ ಗಾಜಿನ ಮೇಲೆ ಗೀಚಿದ ಸಾಲುಗಳು ಈಗಲೂ ಓದಲು ಸಿಗುತ್ತವೆ. ತಮಗೆ ಬಂದ ಈ ಗತಿಗೆ ತಮ್ಮದೇ ಪಾಪ ಕಾರಣವೆಂದು ನಂಬಿದವರ ಮಾತುಗಳೂ ಅವುಗಳಲ್ಲಿವೆ. ಆ ರಾತ್ರಿ ಡಾರ್ನಾಖ್ ಅಥವಾ ಇನ್ವರ್‌ನೆಸ್‌ನಲ್ಲಿ ತಂಗಿ, ಮತ್ತೊಂದು ರಾತ್ರಿಯನ್ನು ದಾರಿಯಲ್ಲಿ ಕಳೆದು ಮನೆ ಸೇರಬಹುದು.

ಒಂಟಿ ದಾರಿಯ ನಿಯಮಗಳನ್ನು ಮಗ ಮೊದಲೇ ಮನನ ಮಾಡಿಕೊಳ್ಳಲಿ. ರಸ್ತೆಯ ಪಕ್ಕದಲ್ಲಿ ಅಲ್ಲಲ್ಲಿ ಫಲಕ ಹಾಕಿದ ಉಬ್ಬುಜಾಗಗಳಿರುತ್ತವೆ. ಅಂಥ ಜಾಗ ನಿಮ್ಮ ಎಡಕ್ಕಿದ್ದರೆ ಅದರೊಳಗೆ ಸರಿಯಬೇಕು. ಬಲಕ್ಕಿದ್ದರೆ ಅದರ ಎದುರಿಗೆ ನಿಮ್ಮ ಬದಿಯಲ್ಲೇ ನಿಂತು, ಎದುರಿನವರು ಬಳಸಿ ಹೋಗಲು ಬಿಡಬೇಕು. ಏರಿ ಬರುವ ವಾಹನಕ್ಕೆ ದಾರಿ ಬಿಡುವ ನಮ್ಮ ಘಟ್ಟದ ಪದ್ಧತಿ ಅಲ್ಲಿಯೂ ಇದೆ. ಹಿಂದೆ ವೇಗವಾಗಿ ಬರುವವರಿದ್ದರೆ ಅವರಿಗೂ ಅಲ್ಲೇ ದಾರಿ ಕೊಡಬೇಕು, ಏಕೆಂದರೆ ಅವರು ಶಾಲೆಗೋ ಆಸ್ಪತ್ರೆಗೋ ಹೊರಟ ಸ್ಥಳೀಯರಾಗಿರಬಹುದು. ಚಿತ್ರ ತೆಗೆಯಲೆಂದು ಆ ಜಾಗಗಳಲ್ಲಿ ಕಾರು ನಿಲ್ಲಿಸುವುದು ದೊಡ್ಡ ತಪ್ಪು. ಅಲ್ಲಿನ ಜನ ಪ್ರವಾಸಿಗರ ಮೇಲೆ ಮುನಿಯುವುದು ಹೆಚ್ಚಾಗಿ ಇದಕ್ಕೇ. ಹಾರ್ನ್ ಹಾಕುವ ಅಭ್ಯಾಸ ಅಲ್ಲಿಲ್ಲ, ಕೈಯೆತ್ತಿ ಕೃತಜ್ಞತೆ ತೋರಿದರೆ ಸಾಕು. ಟ್ಯಾಂಕ್ ಅರ್ಧಕ್ಕಿಳಿದಾಗಲೇ ಪೆಟ್ರೋಲ್ ತುಂಬಿಸಿ. ಮೊಬೈಲ್ ಸಂಪರ್ಕ ಆಗಾಗ ಕಡಿದುಹೋಗುವುದರಿಂದ ಕಾಗದದ ನಕ್ಷೆಯೊಂದು ಜೊತೆಗಿರಲಿ. ಮೊಮ್ಮಗಳಿಗೆ ಮಕ್ಕಳ ಆಸನ ಕಾನೂನಿನಂತೆ ಕಡ್ಡಾಯ.

ಆಹಾರದ ಬಗ್ಗೆ ಆತಂಕ ಬೇಡ. ಸಸ್ಯಾಹಾರಿಗಳೆಂದು ಕೋಣೆ ಕಾದಿರಿಸುವಾಗಲೇ ತಿಳಿಸಿದರೆ ಬೆಳಗಿನ ಉಪಾಹಾರಕ್ಕೆ ಓಟ್ಸ್ ಗಂಜಿ, ಬೀನ್ಸ್, ಅಣಬೆ, ತರಕಾರಿ ಮತ್ತು ಬೇಳೆಗಳಿಂದ ಮಾಡಿದ ಹ್ಯಾಗಿಸ್ (ಸಾಮಾನ್ಯವಾಗಿ ಕುರಿಯ ಮಾಂಸದಿಂದ ಮಾಡುವ ಸ್ಥಳೀಯ ತಿನಿಸು) ದೊರೆಯುತ್ತವೆ. ಬೇಳೆಯ ಸೂಪ್ ಎಂದು ಬರೆದಿದ್ದರೂ ಅದನ್ನು ಮಾಂಸದ ಸಾರಿನಲ್ಲಿ ಬೇಯಿಸುವ ರೂಢಿ ಇರುವುದರಿಂದ ಕೇಳಿಯೇ ತೆಗೆದುಕೊಳ್ಳಿ. ಸಣ್ಣ ಊರುಗಳಲ್ಲಿ ರಾತ್ರಿ ಎಂಟರ ಹೊತ್ತಿಗೆ ಅಡುಗೆಮನೆ ಮುಚ್ಚಿಬಿಡುತ್ತದೆ. ಉಲ್ಲಾಪೂಲ್ ಮತ್ತು ಆರ್ಕ್ನಿಯಲ್ಲಿ ಅಡುಗೆಮನೆಯಿರುವ ವಸತಿಯನ್ನೇ ಹಿಡಿಯಿರಿ. ಅವಲಕ್ಕಿ, ಚಟ್ನಿಪುಡಿಗಳನ್ನು ಊರಿನಿಂದ ಒಯ್ಯಬಹುದು, ಆದರೆ ಭಾರತದಿಂದ ಹಾಲಿನ ಪದಾರ್ಥಗಳನ್ನು ಒಯ್ಯಲು ಬ್ರಿಟನ್ನಿನಲ್ಲಿ ನಿರ್ಬಂಧವಿದೆ; ಮಗನಿಗೆ ಪೇಡೆ ಕಟ್ಟಿಕೊಂಡು ಹೋಗಬೇಡಿ. ಬಟ್ಟೆಯ ಮಟ್ಟಿಗೆ ಹೇಳುವುದಾದರೆ ಜೂನ್‌ನಲ್ಲಿಯೂ ಉಣ್ಣೆಯ ಅಂಗಿ ಮತ್ತು ಗಾಳಿಮಳೆ ತಡೆಯುವ ಮೇಲಂಗಿ ಬೇಕು. ಸಂಜೆ ಗಾಳಿ ನಿಂತಾಗ ಮಿಡ್ಜ್ ಎಂಬ ಕಣ್ಣಿಗೆ ಕಾಣದಷ್ಟು ಸಣ್ಣ ನೊಣಗಳು ಮುತ್ತುತ್ತವೆ. ಮುಖಕ್ಕೆ ಹಾಕುವ ಬಲೆ ಅಲ್ಲಿನ ಅಂಗಡಿಗಳಲ್ಲಿ ಸಿಗುತ್ತದೆ.

ಪ್ರಶ್ನೆ: ನಾವು ನಾಲ್ವರು ಗೆಳೆಯರು ಮಲಗುವ ವ್ಯವಸ್ಥೆಯಿರುವ ವ್ಯಾನ್ ಬಾಡಿಗೆಗೆ ಪಡೆದು ಸ್ಕಾಟ್ಲೆಂಡಿನ ಉತ್ತರ ತೀರ ಸುತ್ತಲು ಯೋಚಿಸಿದ್ದೇವೆ. ಅಲ್ಲಿ ಯಾರು ಬೇಕಾದರೂ ಎಲ್ಲಿ ಬೇಕಾದರೂ ತಂಗಬಹುದೆಂಬ ಕಾನೂನು ಇದೆಯಂತೆ, ನಿಜವೇ?
— ಓದುಗರು, ಬೆಂಗಳೂರು

ಉತ್ತರ: ಅರ್ಧ ನಿಜ. 2003ರ ಭೂಸುಧಾರಣಾ ಕಾಯ್ದೆಯು ಸ್ಕಾಟ್ಲೆಂಡಿನ ಬಹುಪಾಲು ನೆಲದ ಮೇಲೆ ಜವಾಬ್ದಾರಿಯಿಂದ ಓಡಾಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ಆದರೆ ಆ ಹಕ್ಕು ನಡೆದು ಹೋಗುವವರಿಗೆ, ಸೈಕಲ್ ಮತ್ತು ಕುದುರೆ ಸವಾರರಿಗೆ, ದೋಣಿ ಹುಟ್ಟುಹಾಕುವವರಿಗೆ ಸೇರಿದ್ದು. ಮೋಟಾರು ವಾಹನಗಳಿಗೆ ಅದು ಅನ್ವಯಿಸುವುದಿಲ್ಲ. ಸಣ್ಣ ಡೇರೆ ಹೊತ್ತು ಬೆಟ್ಟಕ್ಕೆ ನಡೆದವರು, ಮನೆ ಮತ್ತು ರಸ್ತೆಗಳಿಂದ ದೂರದಲ್ಲಿ ಒಂದೆರಡು ರಾತ್ರಿ ತಂಗಿ, ಕುರುಹು ಉಳಿಸದೆ ಹೊರಡಬಹುದು. ವ್ಯಾನಿನವರು ಶಿಬಿರತಾಣಗಳನ್ನೇ ಆಶ್ರಯಿಸಬೇಕು. ಕಡಲಂಚಿನ ಹುಲ್ಲುನೆಲದ ಮೇಲೆ ವ್ಯಾನ್ ಹತ್ತಿಸುವುದರಿಂದ, ಕೊಳಚೆಯನ್ನು ಹಳ್ಳಗಳಿಗೆ ಸುರಿಯುವುದರಿಂದ ಅಲ್ಲಿನ ಪುಟ್ಟ ಊರುಗಳು ಬಹಳ ನೊಂದಿವೆ. ಕೆಲವೇ ನೂರು ಜನರಿರುವ ಊರು ಬೇಸಿಗೆಯಲ್ಲಿ ಸಾವಿರಾರು ವಾಹನಗಳ ಕಸ ಹೊರಬೇಕಾಗುವುದು ಅನ್ಯಾಯವೇ ಸರಿ. ಶಿಬಿರತಾಣಗಳಿಗೆ ಹಣ ಕೊಟ್ಟು ತಂಗುವುದರಿಂದ ಆ ಊರುಗಳಿಗೂ ಅಷ್ಟಿಷ್ಟು ಸಲ್ಲುತ್ತದೆ.

ಭಾರತದ ಚಾಲನಾ ಪರವಾನಗಿಯಲ್ಲಿ ಪ್ರವಾಸಿಗರು ಬ್ರಿಟನ್ನಿನಲ್ಲಿ ಹನ್ನೆರಡು ತಿಂಗಳವರೆಗೆ ಸಣ್ಣ ವಾಹನ ಓಡಿಸಬಹುದು. ಅಲ್ಲಿಯೂ ಎಡಬದಿಯ ಸಂಚಾರವೇ. ಆದರೆ ವಯಸ್ಸು ಮತ್ತು ಅನುಭವದ ಬಗ್ಗೆ ಬಾಡಿಗೆ ಸಂಸ್ಥೆಗಳ ಷರತ್ತುಗಳು ಬೇರೆಬೇರೆ ಇರುತ್ತವೆ. ಹಣ ಕಟ್ಟುವ ಮೊದಲು ಓದಿಕೊಳ್ಳಿ. ಮೇಲೆ ಹೇಳಿದ ಆಪಲ್‌ಕ್ರಾಸ್ ಕಣಿವೆಯ ದಾರಿ, ಲಾಖಿನ್ವರ್‌ನಿಂದ ಡ್ರಮ್‌ಬೆಗ್ ಮೂಲಕ ಹೋಗುವ ಬಿ869 ರಸ್ತೆ, ಇವೆರಡಕ್ಕೂ ದೊಡ್ಡ ವ್ಯಾನ್ ಒಯ್ಯಬೇಡಿ. ಮದ್ಯದ ವಿಷಯದಲ್ಲಿ ಸ್ಕಾಟ್ಲೆಂಡಿನ ಮಿತಿ ಇಂಗ್ಲೆಂಡಿನದಕ್ಕಿಂತ ಕಟ್ಟುನಿಟ್ಟಾದುದು: 100 ಮಿಲಿಲೀಟರ್ ರಕ್ತಕ್ಕೆ 50 ಮಿಲಿಗ್ರಾಂ. ವಿಸ್ಕಿ ತಯಾರಿಸುವ ಭಟ್ಟಿಗಳನ್ನು ನೋಡಲು ಹೋದ ದಿನ ಚಾಲಕರು ಅದನ್ನು ಮುಟ್ಟದಿರುವುದೇ ಸರಿ. ಚಾಲಕರ ಪಾಲನ್ನು ಪುಟ್ಟ ಸೀಸೆಯಲ್ಲಿ ಕಟ್ಟಿಕೊಡುವ ಭಟ್ಟಿಗಳೂ ಉಂಟು.

ಪ್ರಶ್ನೆ: ನಾನು ಮತ್ತು ನನ್ನ ಅಕ್ಕ ಇಬ್ಬರೇ ಹೋಗುವವರು. ಇಬ್ಬರಿಗೂ ಕಾರು ಓಡಿಸಲು ಬಾರದು. ರೈಲು, ಬಸ್ಸುಗಳಲ್ಲಿ ಹೈಲ್ಯಾಂಡ್ಸ್ ನೋಡಲು ಸಾಧ್ಯವೇ?
— ಓದುಗರು, ಮೈಸೂರು

ಉತ್ತರ: ಖಂಡಿತ ಸಾಧ್ಯ. ಕಾರಿನಲ್ಲಿ ಹೋಗುವವರಿಗೆ ಕಾಣದ ಜಾಗಗಳನ್ನೂ ನೀವು ನೋಡುತ್ತೀರಿ. ಎಡಿನ್‌ಬರೊದಿಂದ ಇನ್ವರ್‌ನೆಸ್‌ಗೆ ರೈಲಿನಲ್ಲಿ ಸುಮಾರು ಮೂರೂವರೆ ಗಂಟೆ. ಅಲ್ಲಿಂದ ಕೈಲ್ ಆಫ್ ಲಾಖಾಲ್ಶ್‌ಗೆ ಹೋಗುವ ಎರಡೂವರೆ ಗಂಟೆಯ ಹಾದಿಯಲ್ಲಿ ಬಲಬದಿಯ ಕಿಟಕಿ ಹಿಡಿಯಿರಿ, ಕೊನೆಯ ಭಾಗದಲ್ಲಿ ರೈಲು ಲಾಖ್ ಕ್ಯಾರನ್ ನೀರಿನ ಅಂಚಿಗೇ ಅಂಟಿಕೊಂಡು ಸಾಗುತ್ತದೆ. ಕೈಲ್‌ನಿಂದ ಬಸ್ಸು ಹತ್ತಿ, 1995ರಲ್ಲಿ ತೆರೆದ ಸೇತುವೆಯ ಮೇಲೆ ಸ್ಕೈ ದ್ವೀಪಕ್ಕೆ ದಾಟಿ, ಪೋರ್ಟ್ರೀ ಊರಿನಲ್ಲಿ ಮೂರು ರಾತ್ರಿ ಇರಿ. ಮರಳುವಾಗ ದ್ವೀಪದ ದಕ್ಷಿಣದ ಆರ್ಮಡೇಲ್‌ನಿಂದ ಹಡಗಿನಲ್ಲಿ ಮ್ಯಾಲೇಗ್‌ಗೆ ಬಂದರೆ ಅಲ್ಲಿಂದ ಪಶ್ಚಿಮ ಹೈಲ್ಯಾಂಡ್ ರೈಲುಮಾರ್ಗ ಆರಂಭವಾಗುತ್ತದೆ. ಪೋರ್ಟ್ರೀಯಿಂದ ಆರ್ಮಡೇಲ್‌ಗೆ ಬಸ್ಸುಗಳು ಕಡಿಮೆ, ಭಾನುವಾರಗಳಲ್ಲಂತೂ ವಿರಳ. ಆದ್ದರಿಂದ ಬಸ್ಸು ಮತ್ತು ಹಡಗಿನ ವೇಳೆಗಳನ್ನು ಹೊಂದಿಸಿಕೊಂಡ ನಂತರವೇ ಉಳಿದ ದಿನಗಳನ್ನು ನಿಗದಿಪಡಿಸಿ.

ಮ್ಯಾಲೇಗ್ ಮತ್ತು ಫೋರ್ಟ್ ವಿಲಿಯಂ ನಡುವೆ ಬರುವ ಗ್ಲೆನ್‌ಫಿನನ್ ಸೇತುವೆಯನ್ನು ನೋಡಲು ಜನ ದುಬಾರಿ ಬೆಲೆಯ ಉಗಿಬಂಡಿಯ ಚೀಟಿಗಾಗಿ ತಿಂಗಳುಗಟ್ಟಲೆ ಕಾಯುತ್ತಾರೆ. 1901ರಲ್ಲಿ ಸಂಚಾರಕ್ಕೆ ತೆರೆದ, 21 ಕಮಾನುಗಳ ಅದೇ ಕಾಂಕ್ರೀಟ್ ಸೇತುವೆಯ ಮೇಲೆ ದಿನನಿತ್ಯದ ರೈಲೂ ಹೋಗುತ್ತದೆ. ಚಾರ್ಲ್ಸ್ ಎಡ್ವರ್ಡ್ ಸ್ಟುವರ್ಟ್ 1745ರ ಆಗಸ್ಟ್‌ನಲ್ಲಿ ತನ್ನ ಬಾವುಟ ಹಾರಿಸಿ ಬಂಡಾಯ ಆರಂಭಿಸಿದ ಸರೋವರದ ತಲೆಭಾಗ ಅಲ್ಲಿಂದಲೇ ಕಾಣುತ್ತದೆ. ಫೋರ್ಟ್ ವಿಲಿಯಂ ದಾಟಿ ಗ್ಲಾಸ್ಗೊದತ್ತ ಸಾಗುವಾಗ ರೈಲು ರಾನಕ್ ಮೂರ್ ಎಂಬ ವಿಶಾಲ ಜೌಗುನೆಲದ ಮೇಲೆ ಹಾಯುತ್ತದೆ. ಮೆತ್ತನೆಯ ನೆಲದಲ್ಲಿ ಹಳಿ ಹುದುಗದಿರಲೆಂದು ಕಟ್ಟುವವರು ಕೆಳಗೆ ಮರದ ಕೊಂಬೆ, ಬೇರು, ಮಣ್ಣುಗಳ ಹಾಸು ಹಾಕಿದ್ದರು. ಈ ಭಾಗದ ಕೊರೂರ್ ನಿಲ್ದಾಣಕ್ಕೆ ಸಾರ್ವಜನಿಕ ರಸ್ತೆಯೇ ಇಲ್ಲ.

ಇನ್ವರ್‌ನೆಸ್‌ನಲ್ಲಿ ಒಂದು ದಿನ ಮಿಕ್ಕರೆ ಉತ್ತರದ ವಿಕ್ ಪಟ್ಟಣಕ್ಕೆ ಹೋಗುವ ರೈಲಿನಲ್ಲಿ ಫೋರ್ಸಿನಾರ್ಡ್‌ವರೆಗೆ ಹೋಗಿಬನ್ನಿ. ಸಾವಿರಾರು ವರ್ಷಗಳಿಂದ ಕೊಳೆಯದೆ ಕೂಡಿಕೊಂಡ ಪಾಚಿಯಿಂದಾದ ಪೀಟ್ ಜೌಗಿನ ಈ ಸೀಮೆ 2024ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ನಿಲ್ದಾಣದ ಕಟ್ಟಡದಲ್ಲೇ ಮಾಹಿತಿ ಕೇಂದ್ರವಿದೆ, ಜೌಗಿನ ಮೇಲೆ ನಡೆಯಲು ಹಾಸುದಾರಿ ಇದೆ. ರೈಲುಗಳು ದಿನಕ್ಕೆ ಕೆಲವೇ ಆದ್ದರಿಂದ ಮರಳುವ ರೈಲಿನ ವೇಳೆಯನ್ನು ಬರೆದಿಟ್ಟುಕೊಳ್ಳಿ.

ಪ್ರಶ್ನೆ: ನಮ್ಮ ಊರಿನ ಇತಿಹಾಸದಲ್ಲಿ ಹೈಲ್ಯಾಂಡ್ ಸೈನಿಕರ ಹೆಸರು ಬರುತ್ತದೆ. ಆ ಕಡೆ ಪ್ರವಾಸ ಹೋದಾಗ ಇದಕ್ಕೆ ಸಂಬಂಧಿಸಿದ ಜಾಗಗಳು ನೋಡಲು ಸಿಗುತ್ತವೆಯೇ?
— ಓದುಗರು, ಶ್ರೀರಂಗಪಟ್ಟಣ

ಉತ್ತರ: ಸಿಗುತ್ತವೆ. 1780ರ ಪೊಲ್ಲಿಲೂರು ಯುದ್ಧದಲ್ಲಿ ಹೈದರ್ ಮತ್ತು ಟಿಪ್ಪುವಿನ ಸೇನೆಗೆ ಸೋತವರಲ್ಲಿ, ಮೆಕೆಂಜಿ ಮನೆತನದ ಲಾರ್ಡ್ ಮೆಕ್ಲೌಡ್ ಕಟ್ಟಿದ ಹೈಲ್ಯಾಂಡ್ ದಳದವರೂ ಇದ್ದರು. ಸೆರೆಸಿಕ್ಕ ಅವರ ಅಧಿಕಾರಿ ಡೇವಿಡ್ ಬೇರ್ಡ್ ನಿಮ್ಮ ಊರಿನ ಸೆರೆಮನೆಯಲ್ಲಿ ವರ್ಷಗಳನ್ನು ಕಳೆದು, 1799ರಲ್ಲಿ ಕೋಟೆಗೆ ಲಗ್ಗೆ ಹಾಕಿದ ಪಡೆಯ ನಾಯಕನಾಗಿ ಮರಳಿದ. ಟಿಪ್ಪುವಿನ ಪತನದ ನಂತರ ಮೈಸೂರು ಸೀಮೆಯನ್ನು ಅಳೆದು ನಕ್ಷೆ ಮಾಡಿದ, ನಮ್ಮ ಶಾಸನಗಳನ್ನೂ ಕೈಫಿಯತ್ತುಗಳನ್ನೂ ಸಂಗ್ರಹಿಸಿದ ಕಾಲಿನ್ ಮೆಕೆಂಜಿ ಹುಟ್ಟಿದ್ದು ಲೂಯಿಸ್ ದ್ವೀಪದ ಸ್ಟಾರ್ನೊವೇಯಲ್ಲಿ. ಉಲ್ಲಾಪೂಲ್‌ನಿಂದ ಹಡಗು ಅಲ್ಲಿಗೇ ಹೋಗುತ್ತದೆ. ಆದರೆ ಆ ದ್ವೀಪದಲ್ಲಿ ಭಾನುವಾರದ ವಿಶ್ರಾಂತಿಯನ್ನು ಶ್ರದ್ಧೆಯಿಂದ ಪಾಲಿಸುವವರು ಇನ್ನೂ ಬಹಳ ಮಂದಿ ಇರುವುದರಿಂದ ಅಂದು ಅಂಗಡಿ ಬಾಗಿಲುಗಳು ಮುಚ್ಚಿರುತ್ತವೆ ಎಂದೇ ತಿಳಿದು ಹೊರಡಬೇಕು.

ಇನ್ವರ್‌ನೆಸ್‌ನಿಂದ ಉತ್ತರಕ್ಕೆ ಅರ್ಧ ಗಂಟೆಯ ದೂರದಲ್ಲಿ ಆಲ್‌ನೆಸ್ ಬಳಿಯ ಫೈರಿಶ್ ಬೆಟ್ಟವಿದೆ. ಅದರ ನೆತ್ತಿಯ ಮೇಲಿರುವ ಕಲ್ಲಿನ ಕಮಾನುಗಳು, 1781ರಲ್ಲಿ ಡಚ್ಚರಿಂದ ವಶಪಡಿಸಿಕೊಂಡ ನಾಗಪಟ್ಟಣದ ಕೋಟೆಬಾಗಿಲಿನ ಪ್ರತಿರೂಪ. ಆ ಮುತ್ತಿಗೆಯ ಸೇನಾಧಿಪತಿ ಹೆಕ್ಟರ್ ಮನ್ರೊ ತನ್ನೂರಿನಲ್ಲಿ ಅದನ್ನು ಕಟ್ಟಿಸಿದ. ಕೆಲಸವಿಲ್ಲದ ಜನರಿಗೆ ಕೂಲಿ ಕೊಡಲೆಂದು ಕಟ್ಟಿಸಿದನೆಂದೂ, ಕೂಲಿಯ ದಿನಗಳು ಹೆಚ್ಚಲೆಂದು ಮೇಲೆ ಸಾಗಿಸಿದ ಕಲ್ಲುಗಳನ್ನು ಬೆಟ್ಟದಿಂದ ಉರುಳಿಸುತ್ತಿದ್ದನೆಂದೂ ಅಲ್ಲಿ ಕತೆ ಹೇಳುತ್ತಾರೆ. ಹತ್ತಿ ಇಳಿಯಲು ಎರಡರಿಂದ ಮೂರು ಗಂಟೆ ಬೇಕು; ಕಾಡಿನ ಕಾಲುದಾರಿ ಕಡಿದಾಗಿದ್ದರೂ ಸ್ಪಷ್ಟವಾಗಿದೆ.

ಪ್ರಶ್ನೆ: ಗ್ಲಾಸ್ಗೊದಲ್ಲಿ ಓದುತ್ತಿದ್ದೇನೆ. ಡಿಸೆಂಬರ್ ರಜೆಯಲ್ಲಿ ಬಾಡಿಗೆ ಕಾರಿನಲ್ಲಿ ಉತ್ತರ ತೀರ ಸುತ್ತಿ ಧ್ರುವಪ್ರಭೆ ನೋಡಬಹುದೇ?
— ಓದುಗರು, ಮಂಗಳೂರು

ಉತ್ತರ: ಡಿಸೆಂಬರ್‌ನಲ್ಲಿ ಉತ್ತರ ತೀರದ ಕಾರುಪ್ರವಾಸ ಬೇಡ. ಆಗ ಇನ್ವರ್‌ನೆಸ್‌ನಲ್ಲಿ ಹಗಲು ಆರೂವರೆ ಗಂಟೆಯಷ್ಟೇ. ಒಂಟಿ ದಾರಿಗಳ ಮೇಲೆ ಮಂಜುಗಡ್ಡೆ ಕಟ್ಟುತ್ತದೆ, ಕತ್ತಲಾದ ಮೇಲೆ ಜಿಂಕೆಗಳು ರಸ್ತೆಗಿಳಿಯುತ್ತವೆ, ಬಹಳಷ್ಟು ವಸತಿಗೃಹಗಳು ಈಸ್ಟರ್‌ವರೆಗೆ ಮುಚ್ಚಿರುತ್ತವೆ. ಆ ರಜೆಯಲ್ಲಿಯೇ ಹೋಗಬೇಕೆಂದಿದ್ದರೆ ರೈಲಿನಲ್ಲಿ ಏವಿಮೋರ್‌ಗೆ ಹೋಗಿ ಕೆರ್ನ್‌ಗಾರ್ಮ್ಸ್ ರಾಷ್ಟ್ರೀಯ ಉದ್ಯಾನದಲ್ಲಿ ಮೂರು ದಿನ ಕಳೆಯಿರಿ. 1952ರಿಂದ ಅಲ್ಲಿ ಸಾಕಿರುವ ಹಿಮಸಾರಂಗಗಳ ಹಿಂಡನ್ನು ನೋಡಬಹುದು. ಕ್ರಿಸ್‌ಮಸ್ ದಿನ ರೈಲುಗಳಿರುವುದಿಲ್ಲ, ಸ್ಕಾಟ್ಲೆಂಡಿನಲ್ಲಿ ಜನವರಿ 2 ಕೂಡ ರಜಾದಿನ. ಧ್ರುವಪ್ರಭೆ ಕಾಣಬೇಕಾದರೆ ಕತ್ತಲು, ಮೋಡವಿಲ್ಲದ ಆಕಾಶ, ಸೂರ್ಯನ ಪ್ರಬಲ ಚಟುವಟಿಕೆ ಈ ಮೂರೂ ಒಂದೇ ರಾತ್ರಿ ಕೂಡಿಬರಬೇಕು. ಅದನ್ನೇ ನಂಬಿ ಹಣ ಖರ್ಚು ಮಾಡಬೇಡಿ. ನೀವು ಅಲ್ಲಿಯೇ ಇರುವವರಾದ್ದರಿಂದ ಮಾರ್ಚ್ ಕೊನೆಯವರೆಗೆ ಕಾಯುವುದು ಒಳ್ಳೆಯದು. ಆಗ ಹಗಲು ಹನ್ನೆರಡು ಗಂಟೆಯಿರುತ್ತದೆ, ರಾತ್ರಿಯೂ ಸಾಕಷ್ಟು ಕತ್ತಲಾಗಿರುತ್ತದೆ, ಮತ್ತು ವಿಷುವತ್ತಿನ ಆಸುಪಾಸಿನಲ್ಲಿ ಧ್ರುವಪ್ರಭೆ ಮೂಡುವ ಸಂಭವವೂ ತುಸು ಹೆಚ್ಚು.